ಮಗನ ದನಿ ಎಲ್ಲರ ಮೊಬೈಲ್‌ನಲ್ಲಿ ಓಡಾಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ಮಗ ಎಂಟನೇ ಕ್ಲಾಸ್. ಚಿಕ್ಕಂದಿನಿಂದ ಸ್ವಲ್ಪ ಉಗ್ಗುತ್ತಾನೆ. ಎರಡು ತಿಂಗಳ ಹಿಂದೆ ಹೋಮ್‌ವರ್ಕ್ ಕೇಳಲು ನನ್ನ ಫೋನಿನಿಂದ ಗೆಳೆಯನಿಗೆ ವಾಯ್ಸ್ ಮೆಸೇಜ್ ಕಳಿಸಿದ್ದ. 'ಪಾಠ' ಅನ್ನುವಾಗ ತಡವರಿಸಿದ್ದಾನೆ. ಆ ಹುಡುಗ ಅಷ್ಟನ್ನೇ ಕತ್ತರಿಸಿ, ಡಿಜೆ ಹಾಡಿಗೆ ಕೂಡಿಸಿ ಕ್ಲಾಸಿನ ಹುಡುಗರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಆಮೇಲೆ ಮಗನ ಮುಖದ ಸ್ಟಿಕ್ಕರ್ ಮಾಡಿದರು. ಈಗ ಶಾಲೆಯ ಹೆಸರಿನಲ್ಲಿ ಯಾರೋ ನಡೆಸುವ ಇನ್‌ಸ್ಟಾಗ್ರಾಮ್ ಕನ್ಫೆಷನ್ ಪೇಜಿನಲ್ಲೂ (ತಮ್ಮ ಹೆಸರು ಹೇಳದೆ ಯಾರ ಬಗ್ಗೆಯಾದರೂ ಹಾಕಿಸುವ ಪೇಜು) ಬಂದಿದೆ. ಮಗ ಒಂದು ಮಾತೂ ಹೇಳಿಲ್ಲ, ನಾನೇ ಫೋನಿನಲ್ಲಿ ನೋಡಿದೆ. ಸೋಮವಾರ ಬಂದರೆ 'ಹೊಟ್ಟಿ ನೋಯ್ತದ, ಸಾಲಿಗೆ ಹೋಗಂಗಿಲ್ಲ' ಅಂತಾನೆ. ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ನಾಟಕದಲ್ಲಿ ಪಾತ್ರ ಸಿಕ್ಕಿತ್ತು, ಬೇಡ ಅಂದಿದ್ದಾನೆ. ಅವರಪ್ಪ 'ಆ ಹುಡುಗಗ ಎರಡು ಬಿಗದು ಬರ್ತೀನಿ' ಅಂತಾರೆ. ಆ ಮನೆಯವರು ನಮ್ಮ ಓಣಿಯವರೇ, ಹೋಗಿ ಬಂದು ಮಾಡುವವರು. ಅತ್ತೆ 'ಹುಡುಗರ ಚಾಷ್ಟಿ, ದೊಡ್ಡದು ಮಾಡಬ್ಯಾಡ್ರಿ' ಅಂತಾರೆ. ಮಗನಿಗೆ ಫೋನ್ ಕೊಡೋದು ನಿಲ್ಲಿಸಲೇ? ಪೊಲೀಸರ ಹತ್ತಿರ ಹೋಗಲೇ? ಟಿ.ಸಿ. ತೆಗೆಸಲೇ?

ಉತ್ತರ: ಅಕ್ಕಾರೇ, ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಹೇಳುತ್ತೇನೆ. ಆದರೆ ಆ ಮೂರಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ನೀವು ಫೋನಿನಲ್ಲಿ ಎಲ್ಲ ನೋಡಿದ್ದೀರಿ ಅನ್ನುವುದು ಮಗನಿಗೆ ಇನ್ನೂ ಗೊತ್ತಿಲ್ಲ ಅನಿಸುತ್ತದೆ. ಹಾಗಿದ್ದರೆ ಇವತ್ತು ರಾತ್ರಿಯೇ ಅವನಿಗೆ ಹೇಳಿ. ಅವನು ಎರಡು ತಿಂಗಳಿಂದ ಇದನ್ನು ಒಬ್ಬನೇ ಹೊತ್ತುಕೊಂಡಿದ್ದಾನೆ. ನಿಮಗೆ ಗೊತ್ತಾಗಬಾರದು ಅಂತ ದಿನಾ ಮೆಸೇಜ್ ಅಳಿಸುತ್ತಲೂ ಇರಬಹುದು.

ಹೇಗೆ ಹೇಳೋದು? ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುವ ಹಾಗೆ ಬೇಡ. ಈ ವಯಸ್ಸಿನ ಹುಡುಗರು ಕಣ್ಣಿಗೆ ಕಣ್ಣು ಕೊಟ್ಟು ಇಂಥದ್ದನ್ನು ಮಾತಾಡುವುದಿಲ್ಲ. ಊಟ ಆದಮೇಲೆ, ಕಾಳು ಆರಿಸುವಾಗಲೋ ಬಟ್ಟೆ ಮಡಚುವಾಗಲೋ, ಪಕ್ಕದಲ್ಲಿ ಕೂತಾಗ ಹೇಳಿ. 'ಆ ವಾಯ್ಸ್ ಮೆಸೇಜ್ ನಾ ಕೇಳೇನಿ. ನಿಂದೇನೂ ತಪ್ಪಿಲ್ಲ. ನಿನ್ನ ಕೇಳದ ನಾವು ಯಾರ ಮನಿಗೂ ಹೋಗಂಗಿಲ್ಲ, ನಿಂಗ ಫೋನ್ ಕೊಡೋದೂ ನಿಲ್ಲಸಂಗಿಲ್ಲ.' ಇಷ್ಟು ಸಾಕು. ಅವನು ಅಳಬಹುದು, ಸಿಟ್ಟು ಮಾಡಬಹುದು, ಎದ್ದು ಹೋಗಲೂಬಹುದು. ಹಿಂದೆ ಹೋಗಿ ಮತ್ತೆ ಮತ್ತೆ ಕೇಳಬೇಡಿ. ಹೆಚ್ಚಿನ ಮಕ್ಕಳು ಒಂದೆರಡು ದಿನ ಬಿಟ್ಟು ತಾವಾಗಿಯೇ ಬಾಯಿ ಬಿಡುತ್ತಾರೆ.

'ಯಾರ ಮನಿಗೂ ಹೋಗಂಗಿಲ್ಲ' ಅನ್ನುವ ಮಾತು ಯಾಕೆ ಮುಖ್ಯ ಅಂದರೆ, ಮಕ್ಕಳು ಹೇಳದೇ ಇರುವುದಕ್ಕೆ ಅದೇ ದೊಡ್ಡ ಕಾರಣ. ನನ್ನ ಬಳಿ ಬರುವ ಮಕ್ಕಳಿಗೆ 'ಮನೆಯಲ್ಲಿ ಯಾಕೆ ಹೇಳಲಿಲ್ಲ' ಅಂತ ಕೇಳಿದರೆ ಹೆಚ್ಚಾಗಿ ಬರುವ ಉತ್ತರ ಎರಡೇ. ಒಂದು, 'ಫೋನ್ ಇಸ್ಕೋತಾರ.' ಇನ್ನೊಂದು, 'ಅಪ್ಪ ಹೋಗಿ ಜಗಳ ತೆಗೀತಾನ, ಆಮ್ಯಾಲ ನಾ ಸಾಲಿಗೆ ಹೆಂಗ ಹೋಗ್ಲಿ?' ನಿಮ್ಮ ಮಗನಿಗೆ ಮೂರನೆಯದೂ ಇದೆ. ಏನಾಯಿತು ಅಂತ ಹೇಳಬೇಕಾದರೆ ಉಗ್ಗುತ್ತಲೇ ಹೇಳಬೇಕು. ಯಾವುದಕ್ಕೆ ನಕ್ಕರೋ ಅದನ್ನೇ ಮತ್ತೆ ಮಾಡಿ ತೋರಿಸಿದ ಹಾಗೆ ಅವನಿಗೆ ಅನಿಸುತ್ತದೆ. ಬಾಯಲ್ಲಿ ಹೇಳಲು ಕಷ್ಟ ಆದರೆ ಬರೆದು ತೋರಿಸಲಿ.

ಅತ್ತೆಯವರ ಮಾತಿಗೆ ಬರೋಣ. ಅವರ ಮಾತಲ್ಲಿ ಅರ್ಧ ಸತ್ಯ ಇದೆ. ಹುಡುಗರು ಒಬ್ಬರನ್ನೊಬ್ಬರು ಛೇಡಿಸುತ್ತಾರೆ, ಅಡ್ಡಹೆಸರು ಇಡುತ್ತಾರೆ. ಸಂಜೆ ಕೂಡಿ ಕ್ರಿಕೆಟ್ ಆಡಿ ಮರೆಯುತ್ತಾರೆ. ಅದು ಚಾಷ್ಟಿ. ಅದರಲ್ಲಿ ಇವತ್ತು ಇವನು ನಕ್ಕರೆ ನಾಳೆ ಅವನು ನಗುತ್ತಾನೆ. ನಿಮ್ಮ ಮಗನ ವಿಷಯ ಹಾಗಿಲ್ಲ. ಪ್ರತಿ ಸಲ ನಗೆಗೆ ಗುರಿ ಆಗುವವನು ಅವನೊಬ್ಬನೇ. ಅವನಿಗೆ ನೋವಾಗಿದ್ದು ಎಲ್ಲರಿಗೂ ಕಾಣುತ್ತಿದೆ, ಆದರೂ ನಿಂತಿಲ್ಲ. ಎರಡು ತಿಂಗಳಿಂದ ನಡೆದಿದೆ. ಇದನ್ನು ಚಾಷ್ಟಿ ಅನ್ನಲು ಬರುವುದಿಲ್ಲ.

ಅವರ ಕಾಲಕ್ಕೂ ಈಗಿನ ಕಾಲಕ್ಕೂ ಇನ್ನೊಂದು ವ್ಯತ್ಯಾಸ ಇದೆ. ಆಗ ಶಾಲೆಯಲ್ಲಿ ಅಣಕಿಸಿದರೆ ಮನೆಗೆ ಬಂದಮೇಲೆ ಮುಗಿಯುತ್ತಿತ್ತು. ಈಗ ಅಣಕ ಮನೆಯೊಳಗೇ ಬರುತ್ತದೆ, ಅದೂ ತಾಯಿಯ ಫೋನಿನಲ್ಲಿ. ಒಬ್ಬ ಹುಡುಗ ಒಮ್ಮೆ ಮಾಡಿದ್ದನ್ನು ಉಳಿದವರು ಬರೀ ಒತ್ತಿ ಒತ್ತಿ ನೂರು ಸಲ ಮಾಡಬಹುದು. ಸ್ಟಿಕ್ಕರ್ ಕಳಿಸಿದ ಹುಡುಗನಿಗೆ ತಾನು ಏನೋ ಮಾಡಿದೆ ಅಂತಲೇ ಅನಿಸುವುದಿಲ್ಲ. ಎದುರಿಗಿದ್ದವನ ಮುಖ ಕಂಡಿದ್ದರೆ ಅವರಲ್ಲಿ ಅರ್ಧದಷ್ಟು ಹುಡುಗರು ಅಲ್ಲೇ ನಿಲ್ಲಿಸುತ್ತಿದ್ದರು ಅಂತ ನಾನು ನಂಬುತ್ತೇನೆ.

ಉಗ್ಗುವಿಕೆ ಬಗ್ಗೆ ಎರಡು ಮಾತು, ಯಾಕೆಂದರೆ ಮನೆಯಲ್ಲೂ ತಪ್ಪು ತಿಳಿವಳಿಕೆ ಇರುತ್ತದೆ. ಅದು ಅಂಜಿಕೆಯಿಂದ ಬಂದದ್ದಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ, ಮನೆತನದಲ್ಲಿ ಹರಿದು ಬರುವುದೂ ಉಂಟು. ಆದರೆ ಒತ್ತಡ ಇದ್ದಾಗ ಹೆಚ್ಚಾಗುತ್ತದೆ. ಈ ಎರಡು ತಿಂಗಳಲ್ಲಿ ಹೆಚ್ಚಾಗಿದ್ದರೆ ಆಶ್ಚರ್ಯ ಇಲ್ಲ. 'ಸಾವಕಾಶ ಮಾತಾಡು', 'ಉಸಿರು ತಗೊಂಡು ಹೇಳು' ಅಂತ ಮಧ್ಯೆ ತಡೆಯಬೇಡಿ. ಅವನ ಶಬ್ದವನ್ನು ನೀವು ಪೂರ್ತಿ ಮಾಡಲೂ ಹೋಗಬೇಡಿ. ಹುಬ್ಬಳ್ಳಿಯಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರೆ, ಒಮ್ಮೆ ತೋರಿಸಿ. ಆದರೆ ಒಂದು ಎಚ್ಚರ. 'ನೀ ಸರಿಯಾಗಿ ಮಾತಾಡಿದ್ರ ಅವರು ಯಾಕ ನಗತಿದ್ರು' ಅನ್ನುವ ಅರ್ಥ ಬರುವ ಹಾಗೆ ಕರೆದುಕೊಂಡು ಹೋಗಬೇಡಿ. ತಪ್ಪು ನಕ್ಕವರದು.

ಈಗ ಫೋನ್. ಕೊಡೋದು ನಿಲ್ಲಿಸಬೇಡಿ. ನಿಲ್ಲಿಸಿದರೆ ಗ್ರೂಪಿನಲ್ಲಿ ಏನು ನಡೆದಿದೆ ಅಂತ ಅವನಿಗೆ ಗೊತ್ತಾಗುವುದಿಲ್ಲ ಅಷ್ಟೇ, ನಡೆಯುವುದು ನಿಲ್ಲುವುದಿಲ್ಲ. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಅವನೊಬ್ಬನಿಗೇ ಗೊತ್ತಿರುವುದಿಲ್ಲ. ಅದು ಇನ್ನೂ ಕಷ್ಟ. ಮುಂದಿನ ಸಲ ಏನಾದರೂ ಆದರೆ ಹೇಳುವುದೂ ಇಲ್ಲ. ರಾತ್ರಿ ಮಲಗುವ ಹೊತ್ತಿಗೆ ಎಲ್ಲರ ಫೋನೂ, ನಿಮ್ಮದೂ ಅವರಪ್ಪಂದೂ ಸೇರಿ, ಅಡುಗೆಮನೆಯಲ್ಲಿ ಚಾರ್ಜಿಗೆ ಇಡುವ ಪದ್ಧತಿ ಮಾಡಿ. ಆಗ ಅದು ಅವನೊಬ್ಬನಿಗೆ ಶಿಕ್ಷೆ ಅನಿಸುವುದಿಲ್ಲ.

ಆ ಗ್ರೂಪಿನಿಂದ ಹೊರಬರುವ ಮೊದಲು ಸಾಕ್ಷಿ ತೆಗೆದಿಡಿ. ಕಳಿಸಿದವರ ಹೆಸರು ಅಥವಾ ನಂಬರ್, ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಆಡಿಯೊವನ್ನು ಹಾಗೇ ಉಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯ ಇದೆ, ಅದನ್ನೂ ಬಳಸಿ. ಇನ್‌ಸ್ಟಾಗ್ರಾಮ್ ಪೇಜಿನ ಯೂಸರ್‌ನೇಮ್, ಆ ಪೋಸ್ಟಿನ ಲಿಂಕ್ ಎರಡನ್ನೂ ಬರೆದಿಟ್ಟುಕೊಳ್ಳಿ. ಇಂಥ ಪೇಜುಗಳು ಹೆಸರು ಬದಲಿಸುತ್ತವೆ. ಈ ಕೆಲಸವನ್ನು ನೀವೇ ಮಾಡಿ. ಮಗನ ಕೈಯಲ್ಲಿ ಮಾಡಿಸಿದರೆ ಅವನು ಎಲ್ಲವನ್ನೂ ಮತ್ತೊಮ್ಮೆ ನೋಡಬೇಕಾಗುತ್ತದೆ. ಹಾಗೆಯೇ 'ನೋಡ್ರಿ ಏನ್ ಮಾಡ್ಯಾರ' ಅಂತ ಅದನ್ನು ತಂಗಿಗೆ, ನಾದಿನಿಗೆ ಫಾರ್ವರ್ಡ್ ಮಾಡಬೇಡಿ. ಮರುಕ ಪಟ್ಟು ಕಳಿಸಿದರೂ ಅದು ಇನ್ನೊಂದು ಮನೆಗೆ ಹೋಗಿ ಬಿಡುತ್ತದೆ.

ಆಮೇಲೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರಲ್ಲಿ ಗ್ರೂಪ್ಸ್ ಅಂತ ಇದೆ. 'ಮೈ ಕಾಂಟ್ಯಾಕ್ಟ್ಸ್' ಇಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಿಮಗೆ ಅದು ಸಾಲದು, ಯಾಕೆಂದರೆ ಕಾಡುವವರು ಕಾಂಟ್ಯಾಕ್ಟ್‌ನಲ್ಲೇ ಇದ್ದಾರೆ. 'ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್' ಅನ್ನುವುದನ್ನು ಆರಿಸಿ ಆ ನಂಬರುಗಳನ್ನು ಗುರುತು ಮಾಡಿ. ಆಗ ಅವರು ಹೊಸ ಗ್ರೂಪು ಮಾಡಿ ನೇರವಾಗಿ ಸೇರಿಸಲು ಆಗುವುದಿಲ್ಲ. ಗ್ರೂಪಿನ ಅಡ್ಮಿನ್ ಯಾರು ನೋಡಿ. ಅಡ್ಮಿನ್ ಆದವನು ಬೇರೆಯವರು ಹಾಕಿದ ಮೆಸೇಜನ್ನೂ ಎಲ್ಲರ ಫೋನಿನಿಂದ ಅಳಿಸಬಲ್ಲ. ಇನ್‌ಸ್ಟಾಗ್ರಾಮ್ ಪೋಸ್ಟನ್ನು ರಿಪೋರ್ಟ್ ಮಾಡಿ, ಅಲ್ಲಿ ಬುಲ್ಲಿಯಿಂಗ್ ಅನ್ನುವ ಕಾರಣವೇ ಪ್ರತ್ಯೇಕವಾಗಿ ಇದೆ. ತೆಗೆಯದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿಯನ್ನು ಇಡಲೇಬೇಕು.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ, ಆ ಹುಡುಗನ ಮನೆ.

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ 'ಅಪರಿಚಿತರ ಬಗ್ಗೆ ಎಚ್ಚರ' ಅಂತ ದೊಡ್ಡದಾಗಿ ಇರುತ್ತದೆ. ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಮಕ್ಕಳಲ್ಲಿ ನಾನು ಕಂಡಂತೆ ಕಾಡುವವರು ಅಪರಿಚಿತರಾಗಿರುವುದು ಕಡಿಮೆ. ಅದೇ ಬೆಂಚು, ಅದೇ ಟ್ಯೂಷನ್, ಅದೇ ಓಣಿ. ಇದರಿಂದ ಮಗುವಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ, ನಿಜ. ಆದರೆ ನಿಮ್ಮ ಕೈಯಲ್ಲಿ ಒಂದು ಶಕ್ತಿಯೂ ಇದೆ. ಮೊಬೈಲ್ ಕಂಪನಿಗಿಂತ, ಪೊಲೀಸರಿಗಿಂತ ಬೇಗ ಇದನ್ನು ನಿಲ್ಲಿಸಬಲ್ಲವಳು ಆ ಹುಡುಗನ ತಾಯಿ. ಆಕೆ ನಿಮಗೆ ಗೊತ್ತಿದ್ದಾಳೆ.

ಮಗನ ಒಪ್ಪಿಗೆ ತೆಗೆದುಕೊಂಡು, ನೀವು ಒಬ್ಬರೇ ಹೋಗಿ. ಅವರಪ್ಪ ಬೇಡ, ಮೊದಲ ಸಲ ಮಗನೂ ಬೇಡ. ಹುಡುಗರು ಶಾಲೆಗೆ ಹೋದ ಹೊತ್ತು ಒಳ್ಳೆಯದು. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಮಾತು ತೆಗೆಯಬೇಡಿ. ಅಲ್ಲಿ ಆಕೆ ಮಗನ ಪರ ನಿಲ್ಲಲೇಬೇಕಾಗುತ್ತದೆ. ಒಳಗೆ ಕೂತು ಆ ಆಡಿಯೊವನ್ನು ಒಮ್ಮೆ ಕೇಳಿಸಿ. 'ನಿಮ್ಮ ಮಗಾ ಕೆಟ್ಟವ' ಅನ್ನಬೇಡಿ. 'ನನ್ನ ಮಗಾ ಎರಡು ತಿಂಗಳಿಂದ ಸರಿಯಾಗಿ ಉಂಡಿಲ್ಲ. ಇದು ನಿಲ್ಲಬೇಕು. ನಿಮ್ಮ ಹುಡುಗನ ಕೈಲೆ ಇದನ್ನ ಅಳಿಸಸ್ರಿ, ಗ್ರೂಪಿನ್ಯಾಗ ಇನ್ನ ಕಳಸಬ್ಯಾಡ್ರಿ ಅಂತ ಅವನ ಕಡೆಯಿಂದನ ಹಾಕಸ್ರಿ' ಅಂತ ಹೇಳಿ. ಕೇಳುವುದು ಇಷ್ಟೇ ಇರಲಿ. ಕ್ಷಮೆ ಕೇಳಬೇಕು, ಕಾಲಿಗೆ ಬೀಳಬೇಕು ಅಂತ ಹೋದರೆ ಮಾತು ಮನೆತನದ ಮರ್ಯಾದೆಗೆ ತಿರುಗುತ್ತದೆ. ಆಮೇಲೆ ಮಕ್ಕಳ ವಿಷಯ ಎಲ್ಲಿಯೋ ಹೋಗುತ್ತದೆ.

ಆಕೆ ಒಪ್ಪದೇ ಇರಬಹುದು. 'ನಮ್ಮ ಹುಡುಗ ಹಂಗ ಮಾಡವಲ್ಲ' ಅನ್ನಬಹುದು. ವಾದ ಮಾಡದೆ ಎದ್ದು ಬನ್ನಿ. ಆಕೆ ಇನ್ನೂ ಕೆಟ್ಟದಾಗಿ ತೆಗೆದುಕೊಂಡು, ಹುಡುಗನಿಗೆ ಬರೆ ಬರುವ ಹಾಗೆ ಹೊಡೆಯುವುದೂ ಉಂಟು. ಆಗ ಅವನು ಸಿಟ್ಟನ್ನು ನಿಮ್ಮ ಮಗನ ಮೇಲೆ ತೀರಿಸಿಕೊಳ್ಳುತ್ತಾನೆ. ಅದಕ್ಕೇ ಹೊರಡುವಾಗ 'ಹೊಡೀಬ್ಯಾಡ್ರಿ, ಕೂಡಿಸಿ ಮಾತಾಡ್ರಿ' ಅಂತ ಹೇಳಿಯೇ ಬನ್ನಿ. ಆ ಮನೆ ಜಗಳಗಂಟ ಮನೆ, ಅಲ್ಲಿ ಮಾತು ನಡೆಯುವುದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿದ್ದರೆ ಈ ದಾರಿ ಬಿಟ್ಟು ನೇರ ಶಾಲೆಗೆ ಹೋಗಿ.

ನಿಮ್ಮ ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗನ ಮೇಲಿನ ಪ್ರೀತಿಯೇ ಅದು. ಆದರೆ ದೊಡ್ಡವರು ಬೇರೆಯವರ ಹುಡುಗನ ಮೇಲೆ ಕೈ ಮಾಡಿದರೆ ಕೇಸು ಅವರ ಮೇಲೆಯೇ ಆಗುತ್ತದೆ. ಅವರಿಗೆ ಬೇರೆ ಕೆಲಸ ಕೊಡಿ. ದಿನಾ ಸಂಜೆ ಮಗನ ಜೊತೆ ಅರ್ಧ ತಾಸು ತಿರುಗಾಡಿ ಬರಲಿ, ಶಾಲೆಯ ವಿಷಯ ತೆಗೆಯದೆ. ಅಪ್ಪ ತನ್ನ ಪರ ಇದ್ದಾನೆ, ಆದರೆ ಕೈಮೀರಿ ಹೋಗುವುದಿಲ್ಲ ಅನ್ನುವ ಧೈರ್ಯ ಅವನಿಗೆ ಬೇಕು.

ಇಂಥ ಗ್ರೂಪಿನಲ್ಲಿ ಮೂವತ್ತು-ನಲವತ್ತು ಹುಡುಗರಿದ್ದರೂ ಬೆಂಕಿ ಹಚ್ಚುವವರು ಇಬ್ಬರೋ ಮೂವರೋ. ಉಳಿದವರು ನಗುವ ಎಮೋಜಿ ಹಾಕುವವರು, ಹಾಕದಿದ್ದರೆ ನಾಳೆ ತಮ್ಮ ಸರದಿ ಅಂತ ಅಂಜಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಯಾರು ನಕ್ಕಿಲ್ಲ ಅಂತಲೂ ನೋಡಿ. ಒಬ್ಬನಾದರೂ ಇರುತ್ತಾನೆ. ಆ ಹುಡುಗನನ್ನು ಭಾನುವಾರ ಮನೆಗೆ ಕರೆಯಿರಿ, ಗಿರ್ಮಿಟ್ ಮಾಡಿ ಕೊಡಿ, ಇಬ್ಬರೂ ಆಡಿಕೊಂಡಿರಲಿ. ಈ ವಿಷಯ ಎತ್ತಬೇಡಿ. ಬೆಳಗ್ಗೆ ಶಾಲೆಗೆ ಜೊತೆಗೆ ನಡೆಯಲು ಒಬ್ಬ ಸಿಕ್ಕರೆ ಸೋಮವಾರದ ಹೊಟ್ಟೆನೋವು ಎಷ್ಟೋ ಕಡಿಮೆ ಆಗುತ್ತದೆ. ಆ ಹೊಟ್ಟೆನೋವು ನಾಟಕ ಅಲ್ಲ ಅನ್ನುವುದೂ ಗೊತ್ತಿರಲಿ. ಮಕ್ಕಳಲ್ಲಿ ಆತಂಕ ಎಷ್ಟೋ ಸಲ ಹೊಟ್ಟೆನೋವಾಗಿ ಕಾಣಿಸಿಕೊಳ್ಳುತ್ತದೆ.

ಶಾಲೆಗೆ ಹೋದಾಗ 'ಮೊಬೈಲ್ ಮನೆಯದು, ನಮಗೇನು ಸಂಬಂಧ' ಅನ್ನುವ ಮಾತು ಬರಬಹುದು. ಕ್ಲಾಸಿನ ಹುಡುಗರು, ಕ್ಲಾಸಿನ ಗ್ರೂಪು, ಪರಿಣಾಮ ಕ್ಲಾಸಿನಲ್ಲಿ. ಸಂಬಂಧ ಇದ್ದೇ ಇದೆ. ಒಂದು ಪುಟದ ಅರ್ಜಿ ಬರೆದು ಕೊಡಿ, ಪ್ರತಿಗೆ ಸಹಿ ಮಾಡಿಸಿಕೊಳ್ಳಿ. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಬೈಯುವುದು ಬೇಡ, ಇಬ್ಬರನ್ನೂ ನಿಲ್ಲಿಸಿ ಕೈಕುಲುಕಿಸುವುದೂ ಬೇಡ ಅಂತ ಮೊದಲೇ ಹೇಳಿ. ನಮ್ಮ ಕಡೆ ಹಿರಿಯರ ಮುಂದೆ ಕೂಡಿಸಿ ರಾಜಿ ಮಾಡುವ ರೂಢಿ ಇದೆ. ಸರಿಸಮ ಇರುವ ಇಬ್ಬರ ಜಗಳಕ್ಕೆ ಅದು ಸರಿ. ಇಲ್ಲಿ ಒಬ್ಬನೇ ಒಂದು ಗುಂಪಿನ ಎದುರು ನಿಲ್ಲಬೇಕು, ಅದೂ ಮಾತಾಡಲು ಕಷ್ಟ ಪಡುವವನು. ರಾಜಿ ಹೆಸರಲ್ಲಿ ಅವನಿಗೆ ಮತ್ತೊಮ್ಮೆ ಅವಮಾನ ಆಗುತ್ತದೆ. ಹೆಡ್‌ಮಾಸ್ಟರ್ ಆ ಎರಡು-ಮೂರು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಲಿ. ಕನ್ಫೆಷನ್ ಪೇಜು ಶಾಲೆಯ ಹೆಸರಿನಲ್ಲಿದೆಯಲ್ಲ, ಅದರ ಮೇಲೆ ಶಾಲೆಯೇ ಇನ್‌ಸ್ಟಾಗ್ರಾಮ್‌ಗೆ ದೂರು ಕೊಡಲಿ.

ಪೊಲೀಸರ ವಿಷಯ. ಇಲ್ಲಿ ಎರಡು ತಪ್ಪು ಕಲ್ಪನೆ ಓಡಾಡುತ್ತವೆ. 'ಆನ್‌ಲೈನ್‌ನಲ್ಲಿ ಕೆಟ್ಟದಾಗಿ ಬರೆದರೆ ಸಾಕು, ಅರೆಸ್ಟ್ ಮಾಡ್ತಾರೆ' ಅನ್ನುವುದು ಒಂದು. ಅಂಥ ಅರೆಸ್ಟುಗಳಿಗೆ ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. 'ಕಂಪ್ಲೇಂಟ್ ಕೊಟ್ಟರೆ ಆ ಹುಡುಗನ ಜೀವನ ಹಾಳು, ಲಾಕಪ್ಪಿಗೆ ಹಾಕ್ತಾರೆ' ಅನ್ನುವುದು ಇನ್ನೊಂದು. 18 ವರ್ಷದೊಳಗಿನವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಅವರ ವಿಷಯ 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ಹೆಸರು ಎಲ್ಲಿಯೂ ಬಹಿರಂಗ ಮಾಡುವಂತಿಲ್ಲ. ಉದ್ದೇಶ ತಿದ್ದುವುದು.

ಈಗ ಇರುವಷ್ಟಕ್ಕೆ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಆ ಮನೆ, ಆಮೇಲೆ ಶಾಲೆ, ಅಲ್ಲೂ ನಿಲ್ಲದಿದ್ದರೆ ಪೊಲೀಸ್ ಅನ್ನುವ ಕ್ರಮದಲ್ಲಿ ಹೋಗುತ್ತಿದ್ದೆ. ಆದರೆ ಕೆಲವು ಸಂದರ್ಭದಲ್ಲಿ ಒಂದು ದಿನವೂ ಕಾಯಬಾರದು. ಮಗನ ಹೆಸರು-ಫೋಟೊ ಹಾಕಿ ನಕಲಿ ಅಕೌಂಟ್ ಮಾಡಿದ್ದರೆ, ದುಡ್ಡು ಕೇಳಿದ್ದರೆ, ಜೀವ ಬೆದರಿಕೆ ಹಾಕಿದ್ದರೆ, ಹಿಂದೆ ದೊಡ್ಡವರು ಯಾರೋ ಇದ್ದರೆ ನೇರ ಹೋಗಿ. ಹೆಣ್ಣುಮಕ್ಕಳ ತಾಯಂದಿರೂ ಇದನ್ನು ಓದುತ್ತಿರಬಹುದು. ಹುಡುಗಿ ಬೇಡ ಅಂದ ಮೇಲೂ ಹುಡುಗನೋ ಗಂಡಸೋ ಬೆನ್ನುಬಿದ್ದು ಮೆಸೇಜ್ ಮಾಡುತ್ತಿದ್ದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಅಪರಾಧ. ಬಟ್ಟೆ ಇಲ್ಲದ ಚಿತ್ರ, ಅಥವಾ ಮುಖ ಅಂಟಿಸಿ ಮಾಡಿದ ಅಂಥ ಚಿತ್ರ ಇದ್ದರೆ ಐಟಿ ಕಾಯ್ದೆಯ 67ಬಿ ಕಲಮು, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಎರಡೂ ಬರುತ್ತವೆ. ಅಂಥ ಚಿತ್ರವನ್ನು ಸಾಕ್ಷಿಗೆಂದು ಕೂಡ ಯಾರಿಗೂ ಕಳಿಸಬೇಡಿ, ಫೋನನ್ನೇ ಒಯ್ದು ಪೊಲೀಸರಿಗೆ ತೋರಿಸಿ. ಅದು ಮತ್ತೆ ಮತ್ತೆ ಹರಿದಾಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರಿಂದ ಮಾಡಿದ ಡಿಜಿಟಲ್ ಗುರುತು ಮಾತ್ರ ಆ ಸೇವೆಗೆ ಹೋಗುತ್ತದೆ.

ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಗದಗದಲ್ಲೂ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇದೆ. ಮನೆಯಿಂದಲೇ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಜಾಲತಾಣದಲ್ಲಿ, ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ದಾಖಲಿಸಬಹುದು. ಮಕ್ಕಳ ಸಹಾಯವಾಣಿ 1098.

ಒಂದು ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 'ನಾ ಇಲ್ದಿದ್ರ ಚಲೋ ಆಗ್ತಿತ್ತು' ಅನ್ನುವಂಥ ಮಾತು, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, ಕೈ ಕೊಯ್ದುಕೊಂಡ ಗುರುತು ಕಂಡರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ನೇರವಾಗಿ ಕೇಳಿ, 'ಸಾಯಬೇಕು ಅನಸ್ತದೇನು?' ಕೇಳಿದರೆ ಅಂಥ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಕೇಳಿದಾಗ ಮಕ್ಕಳು ಹಗುರಾಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಗದಗಿನಿಂದ ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದು.

ಟಿ.ಸಿ. ಈಗಲೇ ಬೇಡ. ವರ್ಷದ ನಡುವೆ ಶಾಲೆ ಬಿಡಿಸಿದರೆ 'ಹೋಗಬೇಕಾದವನು ನಾನೇ' ಅಂತ ಅವನು ತಿಳಿಯುತ್ತಾನೆ. ಊರು ಸಣ್ಣದು, ಆಡಿಯೊ ಹೊಸ ಶಾಲೆಗೂ ಬರಬಹುದು. ಶಾಲೆಗೆ ಅರ್ಜಿ ಕೊಟ್ಟು ಒಂದು ತಿಂಗಳಾದರೂ ಅವರು ಏನೂ ಮಾಡದಿದ್ದರೆ, ಅಥವಾ ಮಗನೇ ಯೋಚಿಸಿ ಬೇರೆ ಶಾಲೆ ಬೇಕು ಅಂದರೆ, ಆಗ ಬದಲಿಸಿ. ಆಗ ಅದು ಓಡಿಹೋಗುವುದಲ್ಲ. ಹೊಸ ಶಾಲೆಯ ಕ್ಲಾಸ್ ಟೀಚರ್‌ಗೆ ಮೊದಲ ದಿನವೇ ವಿಷಯ ತಿಳಿಸಿ.

ಗ್ಯಾದರಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 'ಎಲ್ಲರಿಗೂ ತೋರಿಸಿಕೊಡು' ಅಂತ ಅವನನ್ನು ಸ್ಟೇಜಿಗೆ ನೂಕಬೇಡಿ. ಹಾಗಂತ ಪಾತ್ರವನ್ನು ಬೇರೆಯವರಿಗೆ ಕೊಟ್ಟುಬಿಡಿ ಅಂತ ಟೀಚರ್‌ಗೆ ಹೇಳಲೂ ಅವಸರ ಬೇಡ. ನಿರ್ಧಾರಕ್ಕೆ ಕೊನೆಯ ದಿನ ಯಾವುದು ಅಂತ ಕೇಳಿಕೊಂಡು ಬಂದು ಅವನಿಗೆ ತಿಳಿಸಿ. ಅಲ್ಲಿಯವರೆಗೆ ಪಾತ್ರ ಅವನದೇ ಇರಲಿ. ಮಾತಿನ ಪಾತ್ರ ಬೇಡ ಅಂದರೆ ಪರದೆ, ಲೈಟು, ಹಲಗೆ ಬಾರಿಸುವ ಕೆಲಸವೂ ನಾಟಕದ್ದೇ. ಆರಿಸುವವನು ಅವನಾಗಲಿ.